ಮೂರು ಸಲ ಮಂಚ ಬಡಿಯಬೇಕು

ನನ್ನ ಹೆರಿಗೆ ಮನೆಯ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದೇನೆ: ಮಂಚ ಬಡಿಯಬಾರದು. ನಮ್ಮ ಜಾವಾದ ಅಜ್ಜಿಯರಿಗೆ ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆಯೇ. ಮಗು ಹುಟ್ಟಿತೋ, ಮಂಚವನ್ನು ಮೂರು ಸಲ ಬಡಿಯಲೇಬೇಕು. ಆಗ ಅದು ಮುಂದೆ ಯಾವುದಕ್ಕೂ ಬೆಚ್ಚುವುದಿಲ್ಲವಂತೆ.

ಆ ಬೆಳಿಗ್ಗೆ ರತ್ಮಿಗೆ ಗಂಡು ಮಗು ಹುಟ್ಟಿತು. ಅಳಲಿಲ್ಲ. ಮೈ ನೀಲಿ, ಕೈಕಾಲು ಒದ್ದೆ ಬಟ್ಟೆಯಂತೆ ಜೋತಿದ್ದವು. ಉಸಿರು, ಬಣ್ಣ, ಚಲನೆ ನೋಡಿ ಒಂದನೇ ನಿಮಿಷಕ್ಕೆ ನಾನು ಹಾಕಿದ ಅಂಕ ಹತ್ತಕ್ಕೆ ಮೂರು. ಒರೆಸಿ, ಬೆನ್ನುಜ್ಜಿ, ಮಾಸ್ಕ್ ಹಿಡಿದು ಗಾಳಿ ಒತ್ತಿದೆ. ಐದನೇ ನಿಮಿಷಕ್ಕೆ ಆರು. ಉಸಿರು ಬಂತು, ಬಣ್ಣ ಬಂತು. ಅಳು ಮಾತ್ರ ಬೆಕ್ಕಿನ ಮರಿಯದು.

ಅಂಕದ ಹಾಳೆ ರತ್ಮಿಯ ಅತ್ತೆ ತುಮಿರಜ್ಜಿಯ ಕಣ್ಣಿಗೆ ಬಿತ್ತು.

"ಹತ್ತಕ್ಕೆ ಮೂರಾ? ಹುಟ್ಟಿದ್ ತಕ್ಷಣ ಫೇಲ್ ಮಾಡ್ಬಿಟ್ಯಲ್ಲ ತಾಯಿ, ನನ್ ಮೊಮ್ಮಗನ್ನ!"

"ಅದು ಅವ್ನು ಹುಟ್ಟಿದ ಹೊತ್ತಿನ ಅಂಕ ಅಜ್ಜಿ. ಬುದ್ಧಿಗೆ ಹಾಕಿದ್ದಲ್ಲ."

"ಹಂಗಾದ್ರೆ ತಲೆಗೇನೂ ಆಗಿಲ್ಲ ಅನ್ನು."

ಅನ್ನಲು ನನ್ನಿಂದಾಗಲಿಲ್ಲ. ಉಸಿರು ತಡವಾದರೆ ಮಿದುಳಿಗೆ ಪೆಟ್ಟಾಗಬಹುದು. ರತ್ಮಿ ನನ್ನ ಮುಖವನ್ನೇ ನೋಡುತ್ತಿದ್ದಳು. ಜಿಲ್ಲಾಸ್ಪತ್ರೆಗೆ ಒಯ್ಯಲು ವ್ಯಾನಿಗೆ ಫೋನು ಮಾಡಿ, ಮಗುವನ್ನು ಇನ್ನೊಮ್ಮೆ ಪರೀಕ್ಷಿಸೋಣವೆಂದು ಮಂಚದ ಮೇಲೆ ಮಲಗಿಸಿ ಕೈ ತೊಳೆಯಲು ತಿರುಗಿದೆ.

ದಬ್!

"ಅಜ್ಜೀ! ಗೋಡೆ ಮೇಲೆ ಬರ್ದಿರೋದು ಕಾಣ್ಸಲ್ವಾ?"

"ನಂಗೆ ಅಂಕಿ ಬರುತ್ತೆ, ಅಕ್ಷರ ಬರಲ್ಲ."

ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಕೂಸು ಬೆಚ್ಚಿಬಿದ್ದಿತ್ತು. ಎರಡೂ ತೋಳು ಒಟ್ಟಿಗೆ ಚಾಚಿ, ಬೆರಳೆಲ್ಲ ಬಿಡಿಸಿ, ಆಮೇಲೆ ಯಾರನ್ನೋ ತಬ್ಬಿಕೊಳ್ಳುವಂತೆ ಎದೆಗೆ ಎಳೆದುಕೊಂಡಿತು. ಎಡ, ಬಲ ಸರಿಸಮ. ಹಿಂದೆಯೇ ಸೂರು ಹಾರಿಹೋಗುವಂಥ ಅಳು!

"ಅಯ್ಯೋ, ಬೆಚ್ಬಿಟ್ಟ! ಪುಕ್ಕಲ ಆಗ್ತಾನೆ!" ಅಜ್ಜಿ ತಲೆ ಚಚ್ಚಿಕೊಂಡಳು.

"ಬೆಚ್ಲಿ ಬಿಡು ಅಜ್ಜಿ! ತಲೆ ನೆಟ್ಟಗಿದ್ರೆ ಹುಟ್ಟಿದ ಕೂಸು ಹೀಗೇ ಬೆಚ್ಬೇಕು. ಡಾಕ್ಟ್ರು ನೋಡ್ಲೇಬೇಕು, ಆದ್ರೆ ಇದು ಒಳ್ಳೇ ಗುರುತು!" ಖುಷಿಗೆ ಅಜ್ಜಿಯನ್ನೇ ತಬ್ಬಿಕೊಂಡೆ. ರತ್ಮಿ ಎದೆಗೆ ಹಿಡಿದಳು, ಭೂಪ ಚೀಪತೊಡಗಿದ.

ವ್ಯಾನು ಹತ್ತುವಾಗ ಅಜ್ಜಿ ಗೊಣಗಿದಳು, "ಇನ್ನೆರಡು ಏಟು ಬಾಕಿ ಉಳೀತು."

"ಡಾಕ್ಟ್ರ ಎದುರಿಗೇ ಬಡಿ," ಎಂದೆ, ನಗುತ್ತ.

ಸಂಜೆಯವರೆಗೂ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಡಾಕ್ಟರ ಫೋನು ಬಂತು.

"ಏನಮ್ಮಾ, ಯಾರನ್ನ ಕಳ್ಸಿದೀಯ? ಆ ಮುದುಕಿ ನಮ್ ಮಂಚಾನೂ ಎರಡು ಸಲ ಬಡಿದ್ಲು. ನೀನೇ ಹೇಳಿದ್ದಂತೆ?"

"ಹೌದು ಡಾಕ್ಟ್ರೇ. ಕೂಸು ಬೆಚ್ಚಿತಾ?"

ಆ ಕಡೆ ಡಾಕ್ಟರು ನಕ್ಕರು. "ಎರಡು ಸಲವೂ."