ಸಂಪಿನಿಂದ ಮೇಲಕ್ಕೆ

ಸದ್ದಿಲ್ಲ, ಆ ಮೂಲೆಯ ತೊಟ್ಟಿಯಲ್ಲಿ ಸದ್ದೇ ಇಲ್ಲ, ನೀರು ಮಾತ್ರ ಗಾಜಿನೊಳಗೆ ಹೊರಳುತ್ತಿದೆ, ಗಿಡದ ಎಲೆಗಳೆಲ್ಲ ಒಂದೇ ಕಡೆಗೆ ಬಾಗಿವೆ, ಗಾಳಿ ಬೀಸಿದಾಗ ಭತ್ತದ ಪೈರು ಬಾಗುವ ಹಾಗೆ, ಅದರೊಳಗಿನ ಪಂಪು ಯಾವುದಿರಬಹುದು, ಕೇಳಬೇಕು, ಆದರೆ ಈ ಸಾಕುಮೀನಿನ ಅಂಗಡಿಯ ಚಿಕ್ಕಸ್ವಾಮಿ ನನ್ನ ಮುಂದೆ ಪಂಪಿನ ಡಬ್ಬಗಳನ್ನು ಜೋಡಿಸುತ್ತಲೇ ಇದ್ದಾನೆ, ಇದು ತಗಳಿ ಮೇಡಂ, ಪಟ್ಟಣದಾಗೆ ಎಲ್ರೂ ಇದ್ನೇ ತಗಂಡೋಗದು, ಅನ್ನುತ್ತಾನೆ, ಎಲ್ಲರೂ ಒಯ್ದರೆ ನನಗೇನು, ಎಲ್ಲರ ಮನೆಯಲ್ಲೂ ಮೀನು ಮರಿ ಮಾಡಿದೆಯೇ — ಮರಿ! ಪ್ರತಿ ಸಲವೂ ಮೊಟ್ಟೆಯಿಟ್ಟು ಪ್ರತಿ ಸಲವೂ ತಾವೇ ತಿಂದು ಮುಗಿಸುತ್ತಿದ್ದ ನಮ್ಮ ಮನೆಯ ಏಂಜಲ್ ಮೀನಿನ ಜೋಡಿ ಈ ಸಲ ತಿನ್ನಲಿಲ್ಲ, ನಿನ್ನೆ ಸಂಜೆ ನೋಡುತ್ತೇನೆ, ಅಗಲವಾದ ಎಲೆಯ ಮೇಲೆ ಅಂಟಿಕೊಂಡಿದ್ದ ಮೊಟ್ಟೆಗಳಿಗೆಲ್ಲ ಬಾಲ ಬಂದಿದೆ, ಬಾಲಗಳೆಲ್ಲ ಒಟ್ಟಿಗೆ ಮಿಡುಕುತ್ತಿವೆ, ಕೈಯಲ್ಲಿ ಸೌಟು ಹಿಡಿದುಕೊಂಡೇ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟಿದ್ದೆ, ಸಾರು ಉಕ್ಕಿದ್ದೂ ತಿಳಿಯಲಿಲ್ಲ, ಅಂಥದ್ದರಲ್ಲಿ ಇವತ್ತು ಬೆಳಗ್ಗೆಯೇ ಮನೆಯ ತೊಟ್ಟಿಯ ಹಾಳು ಪಂಪು ಗರ್ರೆಂದು ಕೆಮ್ಮಿ ನಿಂತುಹೋಗಬೇಕೆ, ಅದೂ ಈ ಬಿಸಿಲಲ್ಲಿ, ಡೈರಿಯಲ್ಲಿ ಹಾಲಿನ ಪರೀಕ್ಷೆ ಮುಗಿಸಿ ಬಂದು ನೋಡಿದರೆ ನೀರು ಕೆರೆಯ ಹಾಗೆ ಸತ್ತು ನಿಂತಿದೆ, ಚಪ್ಪಲಿ ಮೆಟ್ಟಿಕೊಂಡು ಸೀದಾ ಬಸ್ಸಿಗೆ ಓಡಿದೆ, ಎಲ್ಲಿಗೆ ಹೋಗುತ್ತೇನೆಂದು ಅತ್ತೆಗೆ ಹೇಳಿದೆ, ಅತ್ತೆ ಕೇಳಿಸಿಕೊಂಡರೋ ಇಲ್ಲವೋ, ಉತ್ತರವಂತೂ ಬರಲಿಲ್ಲ, ಬರುವುದೂ ಇಲ್ಲ.

ಸಂಕ್ರಾಂತಿಯಿಂದ ಈಚೆಗೆ ಅತ್ತೆ ತಿಮ್ಮಮ್ಮ ನನ್ನ ಜೊತೆ ಮಾತಾಡಿಲ್ಲ, ಹಸುವಿನ ಜೊತೆ ಮಾತಾಡುತ್ತಾರೆ, ನನಗೆ ಕೇಳಿಸಬೇಕಾದದ್ದನ್ನೆಲ್ಲ ಕೊಟ್ಟಿಗೆಯಲ್ಲಿ ನಿಂತು ಅದಕ್ಕೆ ಹೇಳುತ್ತಾರೆ, ನಿನ್ ಯಜಮಾನ್ತಿಗೆ ಯೋಳವ್ವ, ಸಾರಿಗೆ ಉಪ್ಪು ಜಾಸ್ತಿ ಆಗದೆ, ಮನೆ ಮುಂದ್ಲೂ ಒಂದು ಸಂಪು, ಮನೆ ಒಳಗ್ಲೂ ಒಂದು ಸಂಪಂತೆ ಕಣವ್ವ — ಸಂಪೇ ಅದು, ಸುಳ್ಳಲ್ಲ, ಮೇಲೆ ಮೀನಿನ ತೊಟ್ಟಿ, ಕೆಳಗೆ ಕಪಾಟಿನೊಳಗೆ ಇನ್ನೊಂದು ತೊಟ್ಟಿ, ಮೇಲಿನ ನೀರು ಕೊಳವೆಯಲ್ಲಿ ತಾನಾಗಿ ಕೆಳಗಿಳಿದು ಸ್ಪಂಜು, ಕಲ್ಲುಗಳ ನಡುವೆ ಸೋಸಿಕೊಳ್ಳುತ್ತದೆ, ಸೋಸಿದ್ದನ್ನು ಮತ್ತೆ ಮೇಲಕ್ಕೆ ಕಳಿಸುವುದು ಪಂಪಿನ ಕೆಲಸ — ಆದರೆ ಅತ್ತೆಯ ಸಿಟ್ಟು ಸಂಪಿನ ಮೇಲಲ್ಲ, ಕಿಟಕಿಯ ಜಾಗದ ಮೇಲೆ, ಅಲ್ಲಿ ಕೂತು ರಾಗಿ ಕೇರುತ್ತ ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದರು, ಇಷ್ಟು ಭಾರ ತಡೆಯೋ ಗಟ್ಟಿ ನೆಲ ಇದೊಂದೇ ಕಣಮ್ಮಿ ಎಂದು ನನ್ನ ಗಂಡ ಸಿದ್ದರಾಮು ತೊಟ್ಟಿಯನ್ನು ಅಲ್ಲೇ ಕೂರಿಸಿ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಡ್ಯೂಟಿಗೆ ಹೊರಟುಹೋದ, ಸಿಟ್ಟು ನನ್ನ ಪಾಲಿಗೆ ಉಳಿಯಿತು, ಅಂದಿನಿಂದ ಅತ್ತೆ ಎದುರುಗೋಡೆಗೆ ಒರಗಿ ತೊಟ್ಟಿಯ ಕಡೆಗೇ ಮುಖ ಮಾಡಿ ಕೂರುತ್ತಾರೆ, ಕಣ್ಣು ಮಿಟುಕಿಸದೆ, ಗಾಜು ಒಡೆದುಹೋಗಲಿ ಎನ್ನುವ ಹಾಗೆ.

ದೊಡ್ಡದೇ ತಗಂಡ್ಬುಡಮ್ಮಿ, ಗದ್ದೆ ಮೋಟ್ರಿಗೆ ಯಾರಾದ್ರೂ ಚಿಕ್ಕದು ತತ್ತಾರಾ, ಎಂದು ಸಿದ್ದರಾಮು ಆಗಲೇ ಫೋನಿನಲ್ಲಿ ಹೇಳಿ ಆಯಿತು, ಗದ್ದೆಯಲ್ಲಪ್ಪ ಇದು, ಕೆಳಗಿಳಿಯುವ ಕೊಳವೆ ಎಷ್ಟು ನೀರು ಇಳಿಸುತ್ತದೋ ಅಷ್ಟನ್ನೇ ಪಂಪು ಮೇಲೆತ್ತಬೇಕು, ಹೆಚ್ಚಾದರೆ ತೊಟ್ಟಿ ತುಂಬಿ ನಡುಮನೆಯೇ ನಾಟಿ ಹಾಕುವ ಗದ್ದೆಯಾಗುತ್ತದೆ, ಮರಿಗಳು ಎಲೆಯಿಂದ ಕಿತ್ತು ಕೊಚ್ಚಿಹೋಗುತ್ತವೆ, ಕಡಿಮೆಯಾದರೆ ಇದ್ದೂ ಇಲ್ಲದ ಹಾಗೆ, ಮತ್ತೆ ಡಬ್ಬದ ಮೇಲೆ ಬರೆದಿರುವುದು ನೆಲಮಟ್ಟದ ಲೆಕ್ಕ, ಎತ್ತರಕ್ಕೆ ಹೋದಷ್ಟೂ ಪಂಪಿನ ಉಸಿರು ಕಟ್ಟುತ್ತದೆ, ನನಗೆ ಬೇಕಾದದ್ದು ನನ್ನ ಹೆಗಲಿನೆತ್ತರಕ್ಕೆ ಎಷ್ಟು ಬರುತ್ತದೆ ಎಂಬುದು, ಹಾಗಾದರೆ ಹೆಗಲಿಗೇ ಹಿಡಿದು ನೋಡಿದರಾಯಿತು, ಅಣ್ಣಾ ಒಂದು ಬಕೆಟ್ ನೀರು ಕೊಡಿ, ಪೈಪು ಕೊಡಿ ಅಂದೆ, ಅಂಗಡೀಲೇ ಪರೀಕ್ಸೆ ಮಾಡ್ತೀರಾ ಎಂದು ಚಿಕ್ಕಸ್ವಾಮಿ ನಕ್ಕ, ಆದರೂ ಬಕೆಟ್ ತಂದ, ಎಲ್ಲರೂ ಒಯ್ಯುವ ಪಂಪನ್ನು ಮುಳುಗಿಸಿ ಸ್ವಿಚ್ ಹಾಕಿದ, ನಾನು ಪೈಪಿನ ತುದಿಯನ್ನು ಹೆಗಲಿಗೆ ಹಿಡಿದೆ, ತೊಟ್ ತೊಟ್ ತೊಟ್, ಸೋರುವ ನಲ್ಲಿಯಷ್ಟೂ ಇಲ್ಲ, ಬೇಡ, ಮುಂದಿನದು, ದೊಡ್ಡದು, ಸಿದ್ದರಾಮು ಹೇಳಿದಂಥದ್ದು, ಅಬ್ಬಾ! ನೀರು ನನ್ನ ಕಿವಿಯ ಪಕ್ಕದಿಂದ ಚಿಮ್ಮಿ ಗೋಡೆಯ ಕ್ಯಾಲೆಂಡರಿಗೆ ಹೊಡೆಯಿತು, ಬಕೆಟ್ಟೇ ಗಡಗಡ ನಡುಗಿತು, ಸೀರೆಯೆಲ್ಲ ಒದ್ದೆ, ನಗು ತಡೆಯಲಾಗುತ್ತಿಲ್ಲ, ಚಿಕ್ಕಸ್ವಾಮಿಯ ಮೀಸೆಯಿಂದ ನೀರು ಇಳಿಯುತ್ತಿದೆ, ಹಾಗಾದರೆ ಆ ಮೂಲೆಯ ತೊಟ್ಟಿಯಲ್ಲಿರುವುದು ಯಾವುದು ಎಂದೆ, ಅದು ಬೇರೆ ಮೇಡಂ, ತಿರುವು ಗುಂಡಿ ಐತೆ, ನೀರು ಎಷ್ಟು ಬೇಕೋ ಅಷ್ಟಕ್ಕೆ ಇಟ್ಕಬೋದು, ಸದ್ದು ಬರಕಿಲ್ಲ, ಅದೇ, ಅದೇ ನನ್ನದು, ಅದನ್ನೇ ಕೊಡಿ, ಅದು ಖಾಲಿ ಆಗೈತೆ ಮೇಡಂ, ಇನ್ನು ಬರೋದು ಮುಂದಿನ್ವಾರಾನೇಯ, ಅದು ನನ್ ಸ್ವಂತ ತೊಟ್ಟೀದು, ಮುಂದಿನ ವಾರ! ಮುಂದಿನ ವಾರಕ್ಕೆ ಮರಿಗಳು ಎಲ್ಲಿರುತ್ತವೆ, ಬೇಡಿಕೊಳ್ಳಲೇ, ಎಂದುಕೊಳ್ಳುವಷ್ಟರಲ್ಲಿ ಫೋನು.

ಏಮಾ — ಅತ್ತೆಯ ದನಿ, ಹಸುವಿಗಲ್ಲ, ನನಗೆ, ನನ್ನ ಹೆಸರು ಹಿಡಿದು, ಒದ್ದೆ ಕೈಯಿಂದ ಫೋನು ಜಾರಿತು, ಹಿಡಿದುಕೊಂಡೆ, ಏಮಾ, ಎಲ್ಲಿದ್ದೀಯೆ, ಮೀನೆಲ್ಲಾ ಮ್ಯಾಕ್ ಬಂದು ಬಾಯ್ ಬಾಯ್ ಬುಡ್ತಿದ್ದೊ, ನೋಡಕ್ಕಾಗ್ನಿಲ್ಲ ಕಣೆ, ಅದ್ಕೆ ಚೆಂಬಲ್ಲಿ ಕೆಳಗಿನ್ ನೀರ ಎತ್ತೆತ್ತಿ ಮೇಲುಕ್ಕೆ ಉಯ್ತಾ ಇವ್ನಿ, ಎದ್ರುಬ್ಯಾಡ, ಎಲೆಗೆ ತಾಕ್ದಂಗೆ ಆ ಮೂಲೆಗೇ ಉಯ್ತೀನಿ, ಮರಿ ಅವೆ, ಎಲ್ಲಾ ಅವೆ, ಕರೀ ಪಟ್ಟೆ ಗಂಡು ಎಲೆ ಬುಟ್ಟು ಅಳ್ಳಾಡ್ತಿಲ್ಲ — ಗಂಡು! ಅದು ಗಂಡೆಂದು ಅತ್ತೆಗೆ ಹೇಗೆ ಗೊತ್ತು, ನಾನು ಹೇಳಿಲ್ಲ, ಯಾರೂ ಹೇಳಿಲ್ಲ, ಎದುರುಗೋಡೆಗೆ ಒರಗಿ ಇಷ್ಟು ತಿಂಗಳು ಅವರು ನೋಡುತ್ತಿದ್ದದ್ದು ಇದನ್ನೇ, ಮೊಟ್ಟೆ ಇಡುವುದು ಯಾರು, ಕಾಯುವುದು ಯಾರು ಎಂದು, ಅತ್ತೆ ಕೈ ನೋಯುತ್ತೆ, ಸ್ವಲ್ಪ ಕೂತ್ಕಳಿ ಅಂದೆ, ನನ್ ಕೈ ತಕಂಡು ನೀನೇನ್ ಮಾಡಿಯೆ, ಬಿರ್ನೆ ಪಂಪ್ ತಗಂಡು ಬಾ, ಫೋನಿಡು, ನೀರ್ ಉಯ್ಬೇಕು, ಎಂದು ಅವರೇ ಇಟ್ಟುಬಿಟ್ಟರು, ಅತ್ತೆಯ ದನಿ ದೊಡ್ಡದು, ಅಂಗಡಿಗೆಲ್ಲ ಕೇಳಿಸಿತ್ತು, ಅಮ್ಮಾವ್ರೇ ಪಂಪಾಗವ್ರಾ! ಎಂದ ಚಿಕ್ಕಸ್ವಾಮಿ, ಒಂದು ಗಳಿಗೆ ಮೂಲೆಯ ತೊಟ್ಟಿಯನ್ನು ನೋಡಿದ, ಆಮೇಲೆ ಮೊಣಕೈವರೆಗೂ ಕೈ ಹಾಕಿ ತನ್ನ ಪಂಪನ್ನೇ ಕಿತ್ತು ನನ್ನ ಕೈಗಿಟ್ಟ, ತಗಂಡೋಗಿ, ಒಂದ್ವಾರ ನಮ್ಮೀನು ಈ ದೊಡ್ ಪಂಪಿನ ಗಡಗಡಾನೇ ಕೇಳ್ಕಂಡಿರ್ಲಿ.

ನಮ್ಮೂರ ಕಡೆಯ ಅರಕೆರೆ ಬಸ್ಸು ಹೊರಟಿತು, ಕರಿಘಟ್ಟದ ಬೆಟ್ಟ ಹಿಂದಕ್ಕೆ ಸರಿಯಿತು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಸಿ ಹಸಿ ಪಂಪು, ನನಗೆ ಕಿರುಚಬೇಕೆನ್ನಿಸುತ್ತಿದೆ, ಏಮಾ ಅಂದರು, ಏಮಾ, ನಾಲ್ಕಡಿ ಎತ್ತರಕ್ಕೆ ಇದು ಸಾಕಾಗುತ್ತದೆಯೇ, ಆಗುತ್ತದೆ, ಆಗಲೇಬೇಕು, ಪೈಪು ಇದರ ಬಾಯಿಗೆ ಸರಿಹೋಗದಿದ್ದರೆ, ಸೈಕಲ್ ಟ್ಯೂಬು ಸುತ್ತುತ್ತೇನೆ, ಏನವ್ವಾ ನಿನ್ ಮಡ್ಲಿಂದ ನೀರ್ ಸೋರ್ತದೆ ಎಂದು ಪಕ್ಕದ ಅಜ್ಜಿ ಕಾಲು ಮೇಲೆತ್ತಿಕೊಳ್ಳುತ್ತಾಳೆ, ನಾನು ಸುಮ್ಮನೆ ನಗುತ್ತೇನೆ, ಕಬ್ಬು ತುಂಬಿದ ಟ್ರಾಕ್ಟರು ಮುಂದೆ, ದಾರಿ ಬಿಡುವುದಿಲ್ಲ, ಪಕ್ಕದ ನಾಲೆಯಲ್ಲಿ ಅಷ್ಟು ನೀರು ಯಾರ ಹಂಗಿಲ್ಲದೆ ಇಳಿಜಾರಿಗೆ ಓಡುತ್ತಿದೆ, ಅಲ್ಲಿ ಅತ್ತೆ ಒಂದೊಂದು ಚೆಂಬನ್ನೂ ಬಗ್ಗಿ ಎತ್ತಬೇಕು, ಬಗ್ಗಿ, ಎತ್ತಿ, ಉಯ್ದು, ಮತ್ತೆ ಬಗ್ಗಿ, ಸೊಂಟ ನೋವಿನ ಅತ್ತೆ, ಹೋಗಪ್ಪ ಡ್ರೈವರಣ್ಣ, ಹೋಗು.

ಬಾಗಿಲಲ್ಲೇ ಕೇಳಿಸಿತು, ಸುರ್ರೆಂದು ನೀರು ಬೀಳುವ ಸದ್ದು, ಅತ್ತೆ ಸೆರಗು ಸಿಕ್ಕಿಸಿ ನಿಂತಿದ್ದಾರೆ, ಮೊಣಕಾಲವರೆಗೂ ಒದ್ದೆ, ಬಂದ್ಯಾ, ಎಂದಷ್ಟೇ ಹೇಳಿ ಮತ್ತೊಂದು ಚೆಂಬು ಉಯ್ದರು, ನಾನು ಸಂಪಿಗೆ ಕೈ ಹಾಕಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ಪೈಪು ಒತ್ತಿದೆ, ಹಿಡಿಯಿತು, ಗುಂಡಿಯನ್ನು ಎಲ್ಲಕ್ಕಿಂತ ಕಡಿಮೆಗೆ ತಿರುಗಿಸಿ ಸ್ವಿಚ್ ಹಾಕಿದೆ — ಏನೂ ಇಲ್ಲ. ನೀರಿಲ್ಲ. ಸದ್ದೇ ಇಲ್ಲದ ಪಂಪು ಓಡುತ್ತಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ, ದಾರಿಯಲ್ಲಿ ಕೆಟ್ಟಿತೇ, ಯಾಕೆ ಬರ್ನಿಲ್ಲ ಎಂದು ಅತ್ತೆ ಬಗ್ಗಿ ನೋಡುತ್ತಾರೆ, ಚೆಂಬು ನಿಲ್ಲಿಸಿಲ್ಲ, ಗಾಳಿ, ಒಳಗೆ ಗಾಳಿ ಸಿಕ್ಕಿರಬೇಕು, ಪಂಪನ್ನು ಓರೆ ಮಾಡಿದೆ, ದಪ್ಪನೆಯ ಒಂದು ಗುಳ್ಳೆ ಬುಳಕ್ಕೆಂದು ಹೊರಬಂತು, ಅಂಗೈಯಲ್ಲಿ ಪಂಪು ಬೆಕ್ಕಿನ ಹಾಗೆ ಮಿಡಿಯಿತು, ಪೈಪಿನೊಳಗೆ ನೀರು ಏರುತ್ತಿದೆ, ಏರುತ್ತಿದೆ, ತಿರುವು ತಲುಪಿತು, ದಾಟಿತು, ಬಂತು! ಇನ್ನಷ್ಟು ತಿರುಗಿಸಿದೆ, ಇನ್ನೊಂಚೂರು, ಇಳಿಯುವಷ್ಟೇ ಏರುತ್ತಿದೆ, ತೊಟ್ಟಿಯ ಅಂಚಿನ ನೀರು ಗೆರೆ ಎಳೆದ ಹಾಗೆ ನಿಂತಿದೆ, ಎಲೆಯ ಮೇಲೆ ಬಾಲಗಳೆಲ್ಲ ಮಿಡುಕುತ್ತಿವೆ, ಒಂದೂ ಕಿತ್ತಿಲ್ಲ, ಕರಿ ಪಟ್ಟೆಯದು ರೆಕ್ಕೆ ಬೀಸುತ್ತಲೇ ಇದೆ, ಸಾಕು ಅತ್ತೆ, ಬಂತು, ಬಿಡಿ ಎಂದರೆ ಅವರು ಇನ್ನೂ ಉಯ್ಯುತ್ತಿದ್ದಾರೆ, ಚೆಂಬನ್ನು ನಾನೇ ಮೆಲ್ಲಗೆ ತೆಗೆದುಕೊಂಡೆ, ಇಷ್ಟು ಸಣ್ಣುದ್ದಾ, ಅಷ್ಟೆತ್ರುಕ್ಕಾ, ಸದ್ದೇ ಇಲ್ವಲ್ಲೆ ಏಮಾ, ನಿಜ್ವಾಗ್ಲೂ ಬತ್ತಾ ಐತಾ, ನೀವೇ ಮುಟ್ಟಿ ನೋಡಿ ಅಂದೆ, ಅತ್ತೆ ಹಿಮ್ಮಡಿ ಎತ್ತಿ ನಿಂತು ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಇಳಿಬಿಟ್ಟರು, ನೆನೆದು ನೆನೆದು ಬಿಳುಚಿಕೊಂಡ ಬೆರಳು, ಪೈಪಿನ ಬಾಯಿಗೆ, ನೀರು ಆ ಬೆರಳುಗಳನ್ನು ತಳ್ಳುತ್ತಿದೆ, ಅವು ಬಿಡಿಸಿಕೊಳ್ಳುತ್ತವೆ, ಮತ್ತೆ ಹತ್ತಿರ ಬರುತ್ತವೆ, ನೀರು ಮತ್ತೆ ತಳ್ಳುತ್ತದೆ, ಅತ್ತೆ ನಗುತ್ತಿದ್ದಾರೆ, ಕೈ ತೆಗೆಯುತ್ತಿಲ್ಲ, ಬೆರಳುಗಳ ನಡುವೆ ನೀರು, ಬೆರಳುಗಳ ನಡುವೆ —