ಹಿಡಿದ ಕೈಯ ನೀರು

“ಏಯ್ ತಿಮ್ಮಕ್ಕ, ಬಿಡೇ ಅವಳ ಹೊಟ್ಟೆನಾ! ಯಜಮಾನ್ರ ಕಾರು ಹಾರನ್ ಹೊಡೀತಿರೋದು ಕೇಳಿಸ್ತಿಲ್ವಾ, ಕಿವುಡು ಮುಂಡೆ!”

ಸಿಸ್ಟರ್ ಮೀನಾಕ್ಷಮ್ಮ ವಾರ್ಡಿನ ಬಾಗಿಲಲ್ಲಿ ನಿಂತು ಕೂಗಿದಳು. ನಾನು ಜಯಾಳ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ಹೆರಿಗೆಯಾಗಿ ಕಾಲು ಗಂಟೆಯಾಗಿತ್ತು. ಗಂಡು ಮಗು, ನನ್ನ ಕೈಗೇ ಬಿದ್ದಿತ್ತು. ಜಯಾ ನಮ್ಮ ಕೇರಿಯವಳು. ಮೊದಲ ಹೆರಿಗೆಯಲ್ಲಿ ಮಾಸು ಬಿದ್ದ ಮೇಲೆ ರಕ್ತ ನಿಲ್ಲದಿದ್ದಾಗ, ಎರಡು ಗಂಟೆ ಪಕ್ಕದಲ್ಲೇ ಕೂತು ಗರ್ಭಕೋಶ ಗಟ್ಟಿಯಾಗುವ ತನಕ ಹೊಟ್ಟೆ ತಿಕ್ಕಿ ಉಳಿಸಿಕೊಂಡಿದ್ದೆ. ಅದು ಈ ಆಸ್ಪತ್ರೆಯಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದದ್ದು.

“ಇನ್ನೆರಡು ಗಂಟೆ ಹೊತ್ತು ಬಿಡಿ ಸಿಸ್ಟರ್. ಇವ್ಳಿಗೆ ರಕ್ತ ನಿಲ್ಲಾಕಿಲ್ಲ.”

“ನೆಲ ಒರೆಸೋ ಆಯಾ ನೀನು, ನಂಗೆ ಪಾಠ ಹೇಳ್ತೀಯಾ? ನಾನು ನೋಡ್ಕೋತೀನಿ, ಹೋಗೆ.”

ಹೆಸರಿಗೆ ಆಯಾ. ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ಬಂದವಳನ್ನು, ಪಾಳಿಯವಳು ಬರಲಿಲ್ಲವೆಂದು ಹಾಗೇ ನಿಲ್ಲಿಸಿಕೊಂಡಿದ್ದರು. ಈಗ ಮಧ್ಯಾಹ್ನ ಒಂದೂವರೆ. ಅಷ್ಟರಲ್ಲಿ ಐದು ಹೆರಿಗೆ ಮಾಡಿಸಿದ್ದೆ. ಆಸ್ಪತ್ರೆ ಚಿಕ್ಕಬೈರಪ್ಪನವರದು, ಜೆ.ಪಿ. ನಗರದಲ್ಲಿ ಅವರ ಹೊಲವೆಲ್ಲ ಸೈಟುಗಳಾದ ಮೇಲೆ ಕಟ್ಟಿಸಿದ್ದು. ಅವರ ಮೊಮ್ಮಗುವನ್ನೂ ಹೆರಿಗೆಯಲ್ಲಿ ನಾನೇ ಹಿಡಿದಿದ್ದೆ. ಹಿಡಿದ ಕೈಯೇ ಹನ್ನೊಂದು ದಿನ ನೀರು ಹಾಕಬೇಕು ಅನ್ನುವುದು ಆ ಮನೆಯ ಪದ್ಧತಿ. ಇವತ್ತು ಹತ್ತನೇ ದಿನ.

ಜಯಾ ನನ್ನ ಸೆರಗು ಹಿಡಿದಳು. “ಹೋಗ್ಬ್ಯಾಡ ಕಣಕ್ಕಾ.”

“ಈಗ್ ಬಂದ್ಬಿಡ್ತೀನಿ ಕಣವ್ವಾ.” ಬೆರಳು ಬಿಡಿಸಿಕೊಂಡೆ.

ಯಜಮಾನರ ಮನೆಯಲ್ಲಿ ಮಗುವಿಗೂ ಬಾಣಂತಿಗೂ ನೀರು ಹಾಕಿ ಹೊರಡುವಾಗ ಯಜಮಾನಿ ಲಕ್ಷ್ಮಿದೇವಮ್ಮ ಅಡ್ಡ ಬಂದಳು.

“ಬಟ್ಟೆ ಯಾರೇ ಒಗೀತಾರೆ, ನಿಮ್ಮಪ್ಪನಾ?”

“ಅವ್ವಾ, ಅಲ್ಲಿ ಹಸಿ ಬಾಣಂತಿ ಒಬ್ಳೇ ಅವ್ಳೆ.”

“ನಿಮ್ ಕೇರಿಯೋರು ನಾಯಿ ಈದಂಗೆ ಈಯ್ತೀರ, ಏನೂ ಆಗಾಕಿಲ್ಲ. ಒಗ್ದಾಕಿ ಹೋಗು. ನಾಳೆ ಬೇಗ ಬಾ. ನಾಡಿದ್ದಿಂದ ಹೊಸ್ಲು ತುಳೀಬ್ಯಾಡ.”

ಒಗೆದೆ. ಯಾಕೆ ಒಗೆದೆನೋ, ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು. ಕರೆತಂದ ಕಾರು ವಾಪಸ್ ಬಿಡಲಿಲ್ಲ. ನಡೆದು, ಓಡಿ, ಬರುವಷ್ಟರಲ್ಲಿ ನಾಲ್ಕಾಗಿತ್ತು.

ಎರಡು ಗಂಟೆಗೆ ಡ್ಯೂಟಿ ಮುಗಿಯಿತೆಂದು ಮೀನಾಕ್ಷಮ್ಮ ಮನೆಗೆ ಹೋಗಿದ್ದಳು. ಮುಂದಿನವಳು ಇನ್ನೂ ಬಂದಿರಲಿಲ್ಲ. ಹಾಸಿಗೆ ನೆನೆದು, ರಕ್ತ ಮಂಚದಡಿಯ ನೆಲಕ್ಕೆ ಇಳಿದಿತ್ತು. ಜಯಾಳ ಕೈ ತಣ್ಣಗಿತ್ತು, ಆದರೂ ಹೊಟ್ಟೆ ತಿಕ್ಕಿದೆ. ತುಂಬಾ ಹೊತ್ತು ತಿಕ್ಕಿದೆ. ಪಕ್ಕದಲ್ಲಿ ಮಗು ನಿದ್ದೆ ಮಾಡುತ್ತಿತ್ತು.

ಮಾರನೆಯ ಬೆಳಿಗ್ಗೆ ಮೀನಾಕ್ಷಮ್ಮ ಹಾಜರಿ ರಿಜಿಸ್ಟರ್ ತೆರೆದು ತೋರಿಸಿದಳು. “ನೋಡು, ನಿನ್ನ ಹೆಬ್ಬೆಟ್ಟು. ಆ ಹೊತ್ತು ಡ್ಯೂಟಿ ನಿಂದೇ. ಯಾರಾದ್ರೂ ಕೇಳಿದ್ರೆ ಹಂಗೇ ಹೇಳ್ಬೇಕು.”

ಜಯಾಳ ಗಂಡ ಪಾಪಯ್ಯ ಹೆಣ ಒಯ್ದಿದ್ದ. ಮಗು ನನ್ನ ಬಳಿಯೇ ಇತ್ತು. ಬಿಸಿನೀರಿನ ಬಕೆಟ್ಟು ಹೊರಗೆ ತಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೆ. ಕಾರು ಬಂದು ಗೇಟಿನಲ್ಲಿ ನಿಂತಿತು.

“ಏಯ್, ಹನ್ನೊಂದನೇ ನೀರು! ಹಿಡಿದ ಕೈಯೇ ಬೇಕಂತೆ, ಏಳೇ!” ಡ್ರೈವರ್ ಕಿರುಚಿದ.

“ಇದ್ನ ಹಿಡ್ದಿದ್ದೂ ಇದೇ ಕೈ ಕಣಪ್ಪಾ.”

ಚೊಂಬು ಎತ್ತಿ ಸುರಿದೆ. ಹಾರನ್ ನಿಲ್ಲಲಿಲ್ಲ. ನಾನೂ ಏಳಲಿಲ್ಲ. ಮಗು ಎಚ್ಚರಗೊಂಡು, ಬಾಯಿ ತೆರೆದು, ಹಾಲಿಗೆ ಅಳತೊಡಗಿತು. ನನ್ನ ಹತ್ತಿರ ಇದ್ದದ್ದು ನೀರು ಮಾತ್ರ.