ಆರು ಗಂಟೆಯ ನಾಡಿ

“ಒತ್ರಿ. ಬಿಡ್ರಿ. ಒತ್ರಿ. ಬಿಡ್ರಿ. ನಾ ಬರೋತನಕ ನಿಲ್ಲಿಸಬ್ಯಾಡ್ರಿ.”

ಗಾಳಿ ಊದುವ ರಬ್ಬರಿನ ಚೀಲವನ್ನು ಸುಂಕಲಮ್ಮನ ಕೈಗೆ ತುರುಕಿ ಸಿಸ್ಟರ್ ಯಶೋಧರಾ ಒಂಬತ್ತನೇ ಮಂಚಕ್ಕೆ ಓಡಿದಳು. ಅಲ್ಲಿ ರಕ್ತ ಏರಿಸಿಕೊಳ್ಳುತ್ತಿದ್ದ ಮುದುಕನಿಗೆ ನಡುಕ ಹತ್ತಿ ಕಬ್ಬಿಣದ ಮಂಚವೇ ಗಡಗಡ ಅನ್ನುತ್ತಿತ್ತು. ನಳಿಕೆ ಮುಚ್ಚಿದಳು, ಇಂಜೆಕ್ಷನ್ ಕೊಟ್ಟಳು, ಕಂಬಳಿ ಹೊದಿಸುವಂತೆ ಅವನ ಮಗಳಿಗೆ ಹೇಳಿ ಮತ್ತೆ ಹದಿನೇಳನೇ ಮಂಚಕ್ಕೆ ಓಡಿದಳು. ದಾರಿಯಲ್ಲಿ ಮೂರು ಕಡೆಯಿಂದ ಸಿಸ್ಟರ್, ಸಿಸ್ಟರ್ ಎಂದು ಕರೆದರು. ಒಂದು ಕಡೆಗೂ ತಿರುಗಲಿಲ್ಲ.

ಹದಿನೇಳರಲ್ಲಿ ಡ್ಯೂಟಿ ಡಾಕ್ಟರ್ ಬಸವಕುಮಾರ್ ದುರುಗಣ್ಣನ ಎದೆಯ ಮೇಲೆ ಅಂಗೈ ಊರಿ, ಎಣಿಸುತ್ತ ಅದುಮುತ್ತಿದ್ದ. ತಲೆಯ ಕಡೆ ನಿಂತ ಸುಂಕಲಮ್ಮ ಗಂಡನಿಗೆ ಉಸಿರು ತುಂಬುತ್ತಿದ್ದಳು, ಕಮ್ಮಾರನ ತಿದಿ ಒತ್ತುವವಳ ಹಾಗೆ, ತುಟಿ ಕಚ್ಚಿಕೊಂಡು. ಚೀಲವನ್ನು ಯಶೋಧರಾ ವಾಪಸು ತೆಗೆದುಕೊಳ್ಳಬೇಕೆನ್ನುವಷ್ಟರಲ್ಲಿ ಡಾಕ್ಟರು ಔಷಧಿ ಕೇಳಿದ. ಕೈ ಎರಡೇ ಇದ್ದವು, ಸಿರಿಂಜು ಹಿಡಿದಳು. ಐದೂ ನಲವತ್ತಕ್ಕೆ ಬಸವಕುಮಾರ್ ಕೈ ತೆಗೆದು ಗೋಡೆಯ ಗಡಿಯಾರ ನೋಡಿದ. ಸುಂಕಲಮ್ಮ ನಿಲ್ಲಿಸಲಿಲ್ಲ. ನಿಲ್ಲಿಸಬೇಡ ಎಂದಿದ್ದರಲ್ಲ. ಯಶೋಧರಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸಮಯ ಬರೆಯಲೆಂದು ಡಾಕ್ಟರು ಮಂಚಕ್ಕೆ ನೇತುಹಾಕಿದ್ದ ಚಾರ್ಟ್ ಎತ್ತಿಕೊಂಡ. ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು. ಆರು ಗಂಟೆಯ ಕಾಲಮ್ಮಿನಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: ನಾಡಿ ಎಂಬತ್ತೆರಡು, ಬಿಪಿ ನೂರಿಪ್ಪತ್ತು ಎಂಬತ್ತು, ಜ್ವರ ಇಲ್ಲ. ಆರು ಗಂಟೆಯಾಗಲು ಇನ್ನೂ ಹದಿನೆಂಟು ನಿಮಿಷವಿತ್ತು. ಬಸವಕುಮಾರ್ ಯಶೋಧರಾಳ ಮುಖ ನೋಡಲಿಲ್ಲ. ಬರಹ ಕಾಣದಂತೆ ಚಾರ್ಟನ್ನು ಮಗುಚಿ ನೇತುಹಾಕಿ ಕೈ ತೊಳೆಯಲು ಹೋದ.

ಹೊಸಪೇಟೆಯ ಕೆರೆದಂಡೆ ಆಸ್ಪತ್ರೆಯಲ್ಲಿ ಅದಕ್ಕೆ ‘ಮುಂಗಡ ಬರೆಯೋದು’ ಎಂದು ಹೆಸರು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾದ ಮೇಲೆ ಗಂಡಸರ ವಾರ್ಡಿನ ಮೂವತ್ತೆಂಟು ಮಂಚಕ್ಕೆ ಒಬ್ಬಳೇ ನರ್ಸ್. ಒಬ್ಬೊಬ್ಬರ ನಾಡಿ, ಬಿಪಿ, ಜ್ವರಕ್ಕೆ ಮೂರು ನಿಮಿಷ ಹಿಡಿದರೂ ಒಂದು ಸುತ್ತಿಗೆ ಎರಡು ಗಂಟೆ. ಎರಡು ಗಂಟೆಗೊಮ್ಮೆ ನೋಡಬೇಕೆಂಬುದು ನಿಯಮ. ಹಾಗಾದರೆ ಇಂಜೆಕ್ಷನ್ ಕೊಡುವುದು ಯಾವಾಗ, ಡ್ರಿಪ್ ಬದಲಿಸುವುದು ಯಾವಾಗ, ಉಚ್ಚೆಗೆ ಹೋಗುವುದು ಯಾವಾಗ? ಆದ್ದರಿಂದ ಎರಡೂವರೆಗೆ ಒಮ್ಮೆ ನೋಡಿ, ನಾಲ್ಕರದ್ದನ್ನೂ ಆರರದ್ದನ್ನೂ ಅಂದಾಜಿನಲ್ಲಿ ಆಗಲೇ ತುಂಬಿಬಿಡುವುದು. ಕಲಿಸಿದವಳು ಹಿರಿಯ ಸಿಸ್ಟರ್ ಸುವರ್ಣಮ್ಮ. “ಎಲ್ಲಾರಿಗೂ ಎಂಬತ್ತು ಬರೀಬ್ಯಾಡ ಹುಡುಗಿ,” ಎಂದು ಅವಳು ಹೇಳಿಕೊಟ್ಟಿದ್ದಳು. “ಒಬ್ಬೊಬ್ರಿಗೆ ಒಂದೊಂದು ಬರಿ. ದೇವ್ರೂ ಹಂಗ ಮಾಡ್ಯಾನ.”

ಸುವರ್ಣಮ್ಮ ಈಗ ಮಸ್ಕತ್ತಿನಲ್ಲಿದ್ದಳು. ಅವಳ ಹಿಂದೆಯೇ ಇನ್ನೊಬ್ಬ ನರ್ಸ್ ಪೂಜಿತಾ, ವಡ್ಡು ಎಂಬ ಊರಿನ ಕಡೆಯ ಕಾರ್ಖಾನೆಯೊಂದರ ಡಿಸ್ಪೆನ್ಸರಿ ಸೇರಿದಳು. ಅಲ್ಲಿ ಎಂಟು ತಾಸು ಕೆಲಸ, ದಿನಕ್ಕೆ ಕಣ್ಣಿಗೆ ಧೂಳು ಬಿದ್ದವರು ಹತ್ತು ಜನ, ಸಂಬಳ ಇಲ್ಲಿಯ ಎರಡು ಪಟ್ಟು. ಹೋದವರ ಜಾಗಕ್ಕೆ ಯಾರೂ ಬರಲಿಲ್ಲ. ಗೇಟಿಗೆ ‘ನರ್ಸ್‌ಗಳು ಬೇಕಾಗಿದ್ದಾರೆ’ ಎಂಬ ಬೋರ್ಡು ಬಂತು. ಅದರ ಕೆಂಪು ಅಕ್ಷರ ಎರಡು ಬೇಸಿಗೆಗೆ ಬೆಳ್ಳಗಾಗಿ, ಈಗ ಓದಬೇಕೆಂದರೂ ಹತ್ತಿರ ಹೋಗಬೇಕು.

ಯಶೋಧರಾಗೂ ಅದೇ ಡಿಸ್ಪೆನ್ಸರಿಯಿಂದ ಪತ್ರ ಬಂದಿತ್ತು. ಸೋಮವಾರ ಅಸಲು ಸರ್ಟಿಫಿಕೇಟುಗಳೊಂದಿಗೆ ಹಾಜರಾಗಬೇಕು, ಇಲ್ಲದಿದ್ದರೆ ಕೆಲಸ ಮುಂದಿನವರಿಗೆ. ಅವಳ ಅಸಲುಗಳು ಮಾತ್ರ ಈ ಆಸ್ಪತ್ರೆಯ ಆಫೀಸಿನ ಕಪಾಟಿನಲ್ಲಿದ್ದವು. ಕೆಲಸಕ್ಕೆ ಸೇರಿದ ದಿನವೇ ಎಲ್ಲರದ್ದನ್ನೂ ತೆಗೆದಿಟ್ಟುಕೊಳ್ಳುತ್ತಿದ್ದರು, ಓಡುವ ದನದ ಕೊರಳಿಗೆ ಮರದ ಗುದ್ದಿ ಕಟ್ಟಿದ ಹಾಗೆ. ಎರಡು ಸಲ ಅರ್ಜಿ ಕೊಟ್ಟಿದ್ದಳು. ಬೇರೆಯವರು ಸಿಗಲಿ, ಕೊಡೋಣ ಎಂಬ ಉತ್ತರ ಬಂದಿತ್ತು. ಇವತ್ತು ಶುಕ್ರವಾರ.

ದುರುಗಣ್ಣ ಪಾಪಿನಾಯಕನಹಳ್ಳಿಯವನು, ಕೂಲಿ ಮಾಡುವವನು. ಹೊಟ್ಟೆಯೊಳಗಿನ ಹುಣ್ಣು ಒಡೆದು ನಿನ್ನೆ ಆಪರೇಷನ್ ಆಗಿತ್ತು. ಎರಡೂವರೆಗೆ ಅವಳು ಕೈ ಹಿಡಿದಾಗ ನಗಲು ನೋಡಿದ್ದ. “ಸಿಸ್ಟರ್, ಬಸ್ ಫುಲ್ ಐತಿ. ಡ್ರೈವರೂ ನೀವ, ಕಂಡಕ್ಟರೂ ನೀವ. ನನ್ನ ಸ್ಟಾಪ್ ಬಂದ್ರ ಯಾರಿಗೆ ಹೇಳ್ಲಿ?” ಅವಳೂ ನಕ್ಕು, ನಾಡಿ ನಿಜವಾಗಿ ಎಣಿಸಿ, ಎಂಬತ್ತು ಎಂದು ಬರೆದು, ಮುಂದಿನ ಎರಡು ಕಾಲಮ್ಮುಗಳಿಗೆ ಎಪ್ಪತ್ತೆಂಟು, ಎಂಬತ್ತೆರಡು ಎಂದು ತುಂಬಿ ಹದಿನೆಂಟಕ್ಕೆ ಹೋಗಿದ್ದಳು.

ನಾಲ್ಕರ ಸುಮಾರಿಗೆ ಸುಂಕಲಮ್ಮ ಟೇಬಲ್ಲಿನ ಹತ್ತಿರ ಬಂದು ಭಾಳ ಬೆವರ್ತಾನ ಎಂದಿದ್ದಳು. ಯಶೋಧರಾಳ ಕಿವಿಯಲ್ಲಿ ಬ್ಲಡ್ ಬ್ಯಾಂಕಿನ ಫೋನು, ಕೈಯಲ್ಲಿ ಸಿರಿಂಜು. ಫ್ಯಾನ್ ಹಾಕ್ರಿ ಅಂದಿದ್ದಳು. ಸುಂಕಲಮ್ಮ ಹೋಗಿ ಫ್ಯಾನ್ ಹಾಕಿದ್ದಳು. ಆಗ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟಿದ್ದರೆ ಸಾಕಿತ್ತು. ಒಳಗೆ ರಕ್ತ ಸೋರುತ್ತಿದೆ ಎಂದು ನಾಡಿಯೇ ಹೇಳುತ್ತಿತ್ತು. ಅದು ನೂರಿಪ್ಪತ್ತೋ ನೂರಮೂವತ್ತೋ ಇದ್ದಿರಬೇಕು. ಚಾರ್ಟಿನಲ್ಲಿ ಎಪ್ಪತ್ತೆಂಟು ಇತ್ತು.

ಆರೂಕಾಲಿಗೆ ಮ್ಯಾನೇಜರ್ ಮಲ್ಲಿಕಾರ್ಜುನ್ ಅವರಿಂದ ಕರೆ ಬಂತು. ವಾರ್ಡನ್ನು ಆಯಾ ಕೊಟ್ರಮ್ಮನಿಗೆ ಒಪ್ಪಿಸಿ, ಹದಿನೇಳರ ಚಾರ್ಟನ್ನು ಮಡಚಿ ಏಪ್ರನ್ ಜೇಬಿಗಿಟ್ಟುಕೊಂಡು ಯಶೋಧರಾ ಹೊರಟಳು. ಯಾಕೆ ಇಟ್ಟುಕೊಂಡಳೆಂದು ಕೇಳಿದ್ದರೆ ಹರಿದು ಹಾಕಲು ಎಂದೇ ಹೇಳುತ್ತಿದ್ದಳೇನೋ. ಕಾರಿಡಾರಿನ ಬೆಂಚಿನ ಮೇಲೆ ಸುಂಕಲಮ್ಮ ಕೂತಿದ್ದಳು. ಅಳು ಮುಗಿದಿತ್ತು, ಅಥವಾ ಶುರುವಾಗಿರಲಿಲ್ಲ. ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದವಳು ತಲೆ ಎತ್ತಿದಳು.

“ನಾ ಸರಿ ಒತ್ತಿದ್ನಿಲ್ಲವಾ?” ಎಂದು ಕೇಳಿದಳು. “ನೀ ಆ ಕಡಿ ಓಡಿಹೋದಾಗ ಕೈ ಒಂಚೂರು ಸೋತಿತ್ತು. ಅದಕ್ಕ ಹೋತೇನವ್ವ ಜೀವ?”

ಯಶೋಧರಾ ಸರಿ ಒತ್ತಿದ್ರಿ ಅಂದಳು. ಸುಂಕಲಮ್ಮ ನಂಬಿದಂತೆ ಕಾಣಲಿಲ್ಲ. ಮತ್ತೆ ಅಂಗೈ ನೋಡಿಕೊಂಡಳು.

ಮಲ್ಲಿಕಾರ್ಜುನ್ ಎದ್ದು ನಿಂತು ಕುಂದ್ರಿ ಅಂದರು. ಚಹಾ ತರಿಸಿದ್ದರು. ಕೆಟ್ಟ ಮನುಷ್ಯರೇನಲ್ಲ, ಹೋದ ತಿಂಗಳು ಇಬ್ಬರು ನರ್ಸುಗಳನ್ನು ಹುಡುಕಿಕೊಂಡು ಸಂಡೂರು, ಕಂಪ್ಲಿ ಎಲ್ಲ ಸುತ್ತಿ ಬರಿಗೈಯಲ್ಲಿ ಬಂದವರು. ಅದನ್ನೇ ಮೊದಲು ಹೇಳಿದರು. ಕಾರ್ಖಾನೆಯವರ ಮುಂದೆ ನಾವು ಸಂಬಳದಲ್ಲಿ ನಿಲ್ಲುವುದಿಲ್ಲ, ಗಲ್ಫಿನವರ ಮುಂದೆ ಕಾರ್ಖಾನೆಯವರೂ ನಿಲ್ಲುವುದಿಲ್ಲ, ಬಾಗಿಲು ಹಾಕಿದರೆ ಈ ಹಳ್ಳಿಗಳ ಜನ ಹೊಟ್ಟೆ ಹಿಡಿದುಕೊಂಡು ಬಳ್ಳಾರಿಯವರೆಗೆ ಹೋಗಬೇಕು. ಯಶೋಧರಾಗೆ ಇದೆಲ್ಲ ಗೊತ್ತಿತ್ತು. ಅವಳು ಯೋಚಿಸುತ್ತಿದ್ದುದು, ಈ ಚಹಾ ಆರುವಷ್ಟು ಹೊತ್ತೂ ಮೂವತ್ತೇಳು ರೋಗಿಗಳಿಗೆ ಒಬ್ಬ ನರ್ಸೂ ಇಲ್ಲ ಎಂದು.

ಅವರು ಟೇಬಲ್ಲಿನ ಮೇಲೆ ಮೂರು ವಸ್ತು ಇಟ್ಟರು. ಒಂದು ಖಾಲಿ ಚಾರ್ಟ್. ಒಂದು ಡ್ಯೂಟಿ ಪುಸ್ತಕ, ಅದರಲ್ಲಿ ಇವತ್ತಿನ ಮಧ್ಯಾಹ್ನದ ಪಾಳಿಗೆ ಅವಳ ಹೆಸರಿನ ಕೆಳಗೆ ಇನ್ನೂ ಎರಡು ಹೆಸರು ಸೇರಿದ್ದವು: ಸುವರ್ಣಮ್ಮ, ಪೂಜಿತಾ. ಮೂರನೆಯದು ಕಂದು ಬಣ್ಣದ ಲಕೋಟೆ. ಅದರೊಳಗೇನಿದೆ ಎಂದು ಕೇಳಬೇಕಾಗಿರಲಿಲ್ಲ. ಮೂಲೆಯಲ್ಲಿ ಅವಳದೇ ಅಕ್ಷರದಲ್ಲಿ ಅವಳದೇ ಹೆಸರಿತ್ತು.

“ನೋಡ್ರಿ, ಡಾಕ್ಟರು ಎಲ್ಲಾ ಹೇಳ್ಯಾರ. ಇದ್ರಾಗ ಯಾರಿಗೂ ಲುಕ್ಸಾನ್ ಇಲ್ಲ,” ಅಂದರು ಮಲ್ಲಿಕಾರ್ಜುನ್. “ಮೂರು ಜನ ಇದ್ರಿ, ಹೊತ್ತಿಗೆ ಸರಿಯಾಗಿ ನೋಡಿದ್ರಿ, ಆದ್ರೂ ಹೋದ. ಅಷ್ಟ. ಬರದು ಸೈನ್ ಹಾಕ್ರಿ. ಹಳೇ ಚಾರ್ಟ್ ನನ್ನ ಕೈಯಾಗ ಕೊಟ್ಟು ನಿಮ್ಮ ಸರ್ಟಿಫಿಕೇಟ್ ತಗೊಂಡು ಹೋಗ್ರಿ. ಸೋಮವಾರ ಜಲ್ದಿ ಬಸ್ ಹಿಡೀರಿ. ಇಲ್ಲಾಂದ್ರ ಆ ಆರು ಗಂಟಿ ನಾಡಿ ಬರದವರು ಯಾರು ಅಂತ ಮೊದ್ಲು ಕೇಳೋದು ನಿಮ್ಮನ್ನ. ರಿಜಿಸ್ಟ್ರೇಷನ್ ಹೋದ್ರ ಯಾವ ಕಾರ್ಖಾನಿನೂ ಇಲ್ಲ.”

ಅವರು ಹೇಳಿದ್ದು ಅಷ್ಟೂ ಖರೆ. ಕಂಪ್ಲಿಯ ಗದ್ದೆಗಳಲ್ಲಿ ಅವ್ವ ಬಗ್ಗಿ ನಾಟಿ ಹಚ್ಚಿದ ಇಪ್ಪತ್ತು ವರ್ಷ ಆ ಲಕೋಟೆಯಲ್ಲಿತ್ತು. ಜೇಬಿನಲ್ಲಿ ಮಡಚಿಟ್ಟ ಹಾಳೆಯಲ್ಲಿ ಅವಳ ಸುಳ್ಳಿತ್ತು, ಮತ್ತು ಆ ಹೊತ್ತು ಇಡೀ ವಾರ್ಡಿಗೆ ಒಬ್ಬಳೇ ಇದ್ದಳು ಎಂಬುದಕ್ಕೆ ಆ ಸುಳ್ಳೊಂದೇ ಸಾಕ್ಷಿಯಾಗಿತ್ತು. ಮೂವರು ಇದ್ದಿದ್ದರೆ ಆರರ ನಾಡಿಯನ್ನು ಎರಡೂವರೆಗೇ ಬರೆಯಬೇಕಾಗಿರಲಿಲ್ಲ. ಹೊಸ ಹಾಳೆಯಲ್ಲಿ ಎಲ್ಲರೂ ಎಲ್ಲವನ್ನೂ ಸರಿಯಾಗಿ ಮಾಡಿರುತ್ತಾರೆ. ಹಾಗಾದಮೇಲೆ ತಪ್ಪು ಮಾಡಿದ್ದೆಂದು ಉಳಿಯುವುದು ಒಂದೇ: ಹೊರಗೆ ಬೆಂಚಿನ ಮೇಲೆ ಕೂತವಳ ಕೈ.

ಮಲ್ಲಿಕಾರ್ಜುನ್ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದರು.

“ಇಲ್ಲ ಸರ್,” ಅಂದಳು ಯಶೋಧರಾ. “ಸೈನ್ ಹಾಕಂಗಿಲ್ಲ. ಚಾರ್ಟೂ ಕೊಡಂಗಿಲ್ಲ.”